ಬಾವಿಯಿಂದ ಬಾವಿಗೆ ಒಂದು ಬಾಣ

“ನಿಮ್ಮ ಮೋಟರ್ ಚಾಲೂ ಆಯ್ತಂದ್ರ ನನ್ನ ಬಾವಿ ಇಳೀತದ, ನಬಿಸಾಬ್. ನಾ ಕಣ್ಣಾರೆ ನೋಡೀನಿ.”

“ಆವಾಗ ನಿಮ್ಮ ಮೋಟರ್ ನಿದ್ದಿ ಮಾಡ್ಲಕತ್ತಿತ್ತೇನ್ರಿ, ಮಾಸ್ತರ್ರೇ?”

ಕಾಶಿರಾಯ ಕಲಬುರಗಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಭಾನುವಾರ ಬಂತೆಂದರೆ ಗಾಜಿಪುರದ ಮನೆಗೆ ಬೀಗ ಹಾಕಿ, ಹೆಂಡತಿ ಮಲ್ಕಮ್ಮನೊಂದಿಗೆ ಕಮಲಾಪುರದ ತೋಟಕ್ಕೆ ಬರುವವನು. ಈ ಸಲ ಕೆಂಪು ಬಾಳೆಯ ಗೊನೆ ತುಂಬುವ ಹೊತ್ತಿಗೆ ಸರಿಯಾಗಿ ಬಾವಿಯ ತಳ ಕಾಣತೊಡಗಿತ್ತು. ಪಕ್ಕದ ತೋಟದ ನಬಿಸಾಬ್ ಹಳೆಯ ಗೆಳೆಯ, ಈಚೆಗೆ ಆರೋಪಿ.

ಕಾಶಿರಾಯ ಕಡ್ಡಿಯಿಂದ ನೆಲದ ಮೇಲೆ ಎರಡು ಸೊನ್ನೆ ಬರೆದು, ನಬಿಸಾಬನ ಬಾವಿಯಿಂದ ತನ್ನ ಬಾವಿಗೆ ಬಾಣ ಎಳೆದ.

“ಇದು ಕಾರಣ. ಇದು ಪರಿಣಾಮ.”

ನಬಿಸಾಬ್ ಬಾಣದ ಮೊನೆಯನ್ನು ಕಾಲಿನಿಂದ ಒರೆಸಿ, ಇನ್ನೊಂದು ತುದಿಗೆ ಗೀಚಿದ.

“ಈಗ ಇದು ಕಾರಣ. ನನ್ನ ಬಾವೀನೂ ಇಳಿದದ್ರಿ.”

“ಹಾಂಗಲ್ಲ. ಇಬ್ಬರೂ ಆಟೋ ಸ್ಟಾರ್ಟರ್ ಹಾಕೀವಿ. ಕರೆಂಟ್ ಬಂದ ಕೂಡ್ಲೆ ಎರಡೂ ಮೋಟರ್ ಒಮ್ಮೇಲೆ ಚಾಲೂ. ಯಾರು ಯಾರದು ಎಳದ್ರಂತ ಹ್ಯಾಂಗ ತಿಳೀತದ? ಒಂದನ್ನ ಬಂದ್ ಇಟ್ಟು ನೋಡಬೇಕು. ನೀವು ಬಂದ್ ಇಡ್ರಿ.”

“ನನ್ನ ಗೊನಿ ಒಣಗಿಸಿ ನೀವು ಸೈನ್ಸ್ ಮಾಡ್ತೀರಾ? ನೀವು ಬಂದ್ ಇಡ್ರಿ.”

“ಮತ್ತ ನನ್ನ ಗೊನಿ?”

“ಸೈನ್ಸಿಗೆ ದಾನ ಕೊಡ್ರಿ.”

ಮಲ್ಕಮ್ಮ ರೊಟ್ಟಿ ಬುಟ್ಟಿಯ ಗಂಟು ಬಿಚ್ಚಿದಳು. “ಇಬ್ಬರೂ ಬಂದ್ ಇಡ್ರಿ. ಜಗಳಾದ್ರೂ ಬಂದ್ ಆಗ್ತದ. ನೀವೂ ಬರ್ರಿ ಅಣ್ಣ, ಪುಂಡಿಪಲ್ಯ ಅದ.”

ಒಬ್ಬರ ಸ್ಟಾರ್ಟರನ್ನು ಇನ್ನೊಬ್ಬರು ಹೋಗಿ ಆರಿಸಿ ಬಂದರು. ಗೆಳೆತನದಲ್ಲಿ ಅಷ್ಟು ನಂಬಿಕೆ ಇನ್ನೂ ಉಳಿದಿತ್ತು.

ಕರೆಂಟ್ ಬಂತು. ಊಟವೂ ಮುಗಿಯಿತು. ಬಗ್ಗಿ ನೋಡಿದರೆ, ಎರಡೂ ಬಾವಿಗಳಲ್ಲಿ ನೀರೊಳಗಿದ್ದ ಮೆಟ್ಟಿಲು ಹೊರಗೆ ಬಂದು ನಿಂತಿತ್ತು.

“ನಾವಿಬ್ಬರೂ ಸುಮ್ನೆ ಕೂತಿದ್ವಿ,” ಎಂದ ಕಾಶಿರಾಯ ಮೆಲ್ಲಗೆ. “ಮತ್ತ ನೀರು ಎಲ್ಲಿ ಹೋಯ್ತು?”

ಬೇಲಿಯಾಚೆ ತೊಟ್ಟಿಗೆ ನೀರು ಧೋ ಎಂದು ಬೀಳುವ ಸಪ್ಪಳ ಕೇಳುತ್ತಿತ್ತು.

“ಅದು ನಿಮ್ಮ ಭಾಗಪ್ಪನ ಹೊಸಾ ಬೋರ್ ಅಲ್ಲೇನು, ತಂಗಿ?” ಎಂದ ನಬಿಸಾಬ್.

ಭಾಗಪ್ಪ ಮಲ್ಕಮ್ಮನ ತಮ್ಮ. ಕಾಶಿರಾಯನ ಮುಖ ಅರಳಿತು. ಹಳೆಯ ಬಾಣ ಒರೆಸಿ, ಮೂರನೆಯ ಸೊನ್ನೆ ಬರೆದು, ಅದರಿಂದ ಎರಡೂ ಬಾವಿಗಳಿಗೆ ಬಾಣ ಎಳೆದ.

“ಈಗ ಚಿತ್ರ ಪೂರಾ ಆಯ್ತು.”

“ಇನ್ನೂ ಇಲ್ರಿ. ಆ ಬೋರಿನ ಪಾಯಿಂಟ್ ತೋರಿಸ್ದವರು ಯಾರು?”

ಮಲ್ಕಮ್ಮ ಹೆಮ್ಮೆಯಿಂದ ಹೇಳಿದಳು: “ಇವರೇ, ಅಣ್ಣ. ‘ಇಲ್ಲೇ ಹೊಡಿ, ನಾಲ್ಕೂ ಕಡಿಂದ ನೀರು ಎಳೀತದ’ ಅಂದಿದ್ರು. ಖರೇ ಆಯ್ತು ನೋಡ್ರಿ.”

ನಬಿಸಾಬ್ ಕಡ್ಡಿ ಇಸಿದುಕೊಂಡು, ಕಾಶಿರಾಯನ ಚಪ್ಪಲಿಯಿಂದ ಮೂರನೆಯ ಸೊನ್ನೆಗೆ ಇನ್ನೊಂದು ಬಾಣ ಎಳೆದ.

“ಹೋಗ್ರಿ ಮಾಸ್ತರ್ರೇ, ಪಾಳಿ ಹಚ್ಚಿ ನಡಸು ಅಂತ ಭಾಗಪ್ಪಗ ಹೇಳಿ ಬರ್ರಿ. ಇವತ್ತಿಗಿ ಬಂದ್ ಮಾಡಿಸ್ರಿ.”

ಕಾಶಿರಾಯ ದನಿ ತಗ್ಗಿಸಿದ. “ಅದಕ್ಕ ಮೊದಲ ಇನ್ನೊಂದು ಪರೀಕ್ಷೆ ಬೇಕು, ನಬಿಸಾಬ್. ಆ ಬೋರ್ ಬಂದ್ ಆದ್ರ ನಮ್ಮ ಮನ್ಯಾಗ ರೊಟ್ಟಿ ಬಂದ್ ಆಗ್ತದೋ ಇಲ್ಲೋ...”

ಬುಟ್ಟಿಗೆ ಅರಿವೆ ಕಟ್ಟುತ್ತಿದ್ದ ಮಲ್ಕಮ್ಮ ತಲೆ ಎತ್ತಲಿಲ್ಲ.

“ಅದಕ್ಕ ಪರೀಕ್ಷೆ ಬ್ಯಾಡ್ರಿ.”