ಗೋಡೆಯಾಚೆಯ ಕುರಿ

ತತ್ವ ಇಟ್ಟುಕೊಳ್ಳುವುದು ಆನೆ ಸಾಕಿದ ಹಾಗೆ. ತರುವವನು ಒಬ್ಬ, ಮೇವು ಹೊರುವವರು ಮನೆಯವರೆಲ್ಲ. ಇದು ನನಗೆ ತಿಳಿದದ್ದು ತಡವಾಗಿ. ಯುದ್ಧದ ಆ ವರ್ಷಗಳಲ್ಲಿ, ಮದ್ದೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಪತ್ರಿಕೆಯನ್ನು ಬೆಸಗರಹಳ್ಳಿಯ ನಮ್ಮ ಜಗಲಿಯ ಮೇಲೆ ಕುಳಿತು ಹತ್ತು ಜನಕ್ಕೆ ಕೇಳುವಂತೆ ಓದುವುದು ನನ್ನ ಸಂಜೆಯ ಕೆಲಸ. ಓದುವುದಕ್ಕಿಂತ ಬೈಯುವುದೇ ಹೆಚ್ಚು. "ಲೋಕದ ಸ್ವಾತಂತ್ರ್ಯಕ್ಕೆ ಯುದ್ಧ ಮಾಡ್ತೀವಿ ಅಂತಾರೆ ಬಿಳಿ ದೊರೆಗಳು. ನಮ್ ಸ್ವಾತಂತ್ರ್ಯ ಕೊಡಿ ಅಂದ್ರೆ ರಾಜ್ಯದ ಭದ್ರತೆಗೆ ಅಪಾಯ ಅಂತಾರೆ. ಮುಂಬಾಗ್ಲಲ್ಲಿ ಒಂದು, ಹಿತ್ಲಲ್ಲಿ ಒಂದು. ಇದ್ಯಾವ ತತ್ವ ಕಣ್ರಲಾ?" ಎನ್ನುತ್ತಿದ್ದೆ. ಜನ ತಲೆದೂಗುತ್ತಿದ್ದರು.

ಇಷ್ಟು ಬೈದವನು ತಾನಾದರೂ ನುಡಿದಂತೆ ನಡೆಯಬೇಡವೇ? ಖಾದಿ ಉಟ್ಟೆ. ಅಹಿಂಸೆ ಎಂದೆ. ಇನ್ನು ಮೇಲೆ ನಮ್ಮ ಮನೆಯಲ್ಲಿ ಕುರಿ, ಕೋಳಿ ಕುಯ್ಯುವಂತಿಲ್ಲ ಎಂದು ಅಪ್ಪಣೆ ಮಾಡಿದೆ. ಹೆಂಡತಿ ತಾಯಮ್ಮ ಎದುರಾಡಲಿಲ್ಲ. ಸೊಪ್ಪು, ಹುರುಳಿ, ಹಿದಕಿದ ಬೇಳೆ ಎಂದು ದಿನ ದೂಡಿದಳು. ಒಳಾಡಳಿತ ಇಷ್ಟು ಸಲೀಸಾಗಿ ನಡೆದದ್ದು ಕಂಡು ನನಗೆ ಹೆಮ್ಮೆಯೂ ಆಯಿತು.

ತೊಡಕು ಬಂದದ್ದು ವಿದೇಶಾಂಗದಲ್ಲಿ. ಮಗಳನ್ನು ಮಳವಳ್ಳಿ ಕಡೆಗೆ ಕೊಟ್ಟೆವು. ಬೀಗರು ಬಂಡೂರು ಕುರಿಯ ಸೀಮೆಯವರು, ಮಾಂಸದ ರುಚಿಯನ್ನು ಮೂಸಿಯೇ ಹೇಳಬಲ್ಲವರು. ಮದುವೆ ಮುಗಿದ ಮೇಲೆ ಗಂಡಿನ ಕಡೆಯವರನ್ನು ಕರೆದು ಬಾಡೂಟ ಹಾಕುವುದು ನಮ್ಮಲ್ಲಿ ವಾಡಿಕೆ. ತಾಳಿ ಕಟ್ಟಿದ ನೆಂಟಸ್ತನ ಗಟ್ಟಿಯಾಗುವುದೇ ಈ ಬೀಗರೂಟದಲ್ಲಿ. ನಾನು, "ಬದನೆಕಾಯಿ ಎಣ್ಣೆಗಾಯಿ, ಪಾಯಸ ಹಾಕೋಣ" ಎಂದೆ.

ತಾಯಮ್ಮ ಮೊರ ಕೆಳಗಿಟ್ಟಳು. "ಬೀಗ್ರು ಬದ್ನೇಕಾಯ್ ತಿಂದು ಎದ್ದೋಯ್ತಾರೆ. ಅಮ್ಯಾಕೆ ದಿನಾ ಮಾತ್ ಕೇಳೋಳು ನನ್ ಮಗಳು ಕಣಿ. ನಿಮ್ ತತ್ವ ಅಲ್ಲಿಗ್ ಬಂದು ಅವಳನ್ನ ಕಾಯ್ತದಾ?"

ನನಗೆ ಚುರುಕ್ಕೆಂದಿತು. ಆದರೂ ಹಠ. "ತಲೆ ಹೋದರೂ ಸರಿ, ಈ ಮನೇಲಿ ಕುರಿ ಕುಯ್ಯಕೂಡದು" ಎಂದೆ.

"ಈ ಮನೇಲಿ ತಾನೇ? ಬ್ಯಾಡ ಬುಡಿ" ಎಂದು ಅವಳು ಮತ್ತೆ ಮೊರ ಕೈಗೆತ್ತಿಕೊಂಡಳು.

ನಮ್ಮ ಹಿತ್ತಿಲಿಗೂ ನನ್ನ ತಮ್ಮ ಕೆಂಪನ ಹಿತ್ತಿಲಿಗೂ ನಡುವೆ ಎದೆಯೆತ್ತರದ ಗೋಡೆ, ಆಸ್ತಿ ಭಾಗವಾದಾಗ ಎಬ್ಬಿಸಿದ್ದು. ಬೀಗರೂಟದ ಬೆಳಿಗ್ಗೆ ಆ ಗೋಡೆಯಾಚೆ ಕುರಿ ಅರಚಿದ್ದು ನನಗೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅರಚುವುದು ನಿಂತದ್ದೂ ಕೇಳಿಸಿತು. ಅನ್ಯರಾಜ್ಯದ ಒಳಾಡಳಿತದಲ್ಲಿ ಕೈಹಾಕುವುದು ನನ್ನ ತತ್ವವಲ್ಲ. ಪತ್ರಿಕೆಯನ್ನು ಇನ್ನೊಂದು ಸಲ ಓದಿದೆ. ಮಧ್ಯಾಹ್ನ ಗೋಡೆಯ ಮೇಲಿಂದ ಹಂಡೆಗಟ್ಟಲೆ ಸಾರು ಈಚೆ ಬಂತು. "ಅಣ್ಣ, ನಿನ್ ಮನೇಲಿ ಒಂದ್ ತೊಟ್ಟು ರಕ್ತ ಬಿದ್ದಿಲ್ಲ ಕಣಣ್ಣ" ಎಂದು ಕೆಂಪ ಆಚೆಯಿಂದ ಅಭಯ ಕೊಟ್ಟ.

ಬೀಗರು ಮೊದಲ ತುತ್ತು ಬಾಯಿಗಿಟ್ಟರು. ಬಾಗಿಲ ಸಂದಿನಲ್ಲಿ ಮಗಳು ಅವರ ಮುಖವನ್ನೇ ನೋಡುತ್ತ ನಿಂತಿದ್ದಳು. ಬೀಗರು ಮೂಳೆ ಹೀರಿ, "ಇನ್ನೊಂದ್ ಮುದ್ದೆ ತಕ್ಕಬನ್ನಿ" ಎಂದರು. ಮಗಳ ಮುಖ ಅರಳಿದ್ದು ನೋಡಿ ನನ್ನ ಕಣ್ಣು ತುಂಬಿ ಬಂತು. ಒಳಗೆ ಹೋಗಿ ಒಬ್ಬನೇ ಎಣ್ಣೆಗಾಯಿ ತಿಂದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ನನ್ನಷ್ಟು ನಿಷ್ಠೆಯಿಂದ ಪಾಲಿಸಿದವರು ಇರಲಾರರು.

ಹೊರಡುವಾಗ ಬೀಗರು ಎಲೆಅಡಿಕೆ ಹಾಕಿಕೊಂಡು ನನ್ನ ಖಾದಿ ನೋಡಿದರು, ಗೋಡೆ ನೋಡಿದರು. ಗೋಡೆಯ ಮೇಲೆ ಸಾರಿನ ಕಲೆ ಇನ್ನೂ ಆರಿರಲಿಲ್ಲ.

"ದಿನಾ ಜಗಲೀಲ್ ಕುಂತು ಬಿಳಿ ದೊರೆಗಳ್ನ ಬೈತೀರಂತೆ" ಎಂದರು ಮೆಲ್ಲಗೆ. "ಅಷ್ಟೊಂದ್ ಬೈಬ್ಯಾಡಿ ಬೀಗ್ರೇ. ಅವ್ರೂ ಎಲ್ಲೋ ಎಣ್ಣು ಕೊಟ್ಟಿರ್ತಾರೆ."

ಮಾರನೆಯ ಸಂಜೆ ಪತ್ರಿಕೆ ಬಂತು. ದೊರೆಗಳು ಮತ್ತೆ ಸ್ವಾತಂತ್ರ್ಯದ ಬಗ್ಗೆ ಭಾಷಣ ಮಾಡಿದ್ದರು. ನಾನೂ ಬಿಡಲಿಲ್ಲ, ಎಂದಿನಂತೆಯೇ ಬೈದೆ. ಕುಳಿತದ್ದು ಮಾತ್ರ ಕೆಂಪನ ಮನೆಯ ಕಡೆಗೆ ಬೆನ್ನು ಹಾಕಿಕೊಂಡು.