ದೊಡ್ಡಮ್ಮನ ಹೂಂ ಮತ್ತು ಅಮೆರಿಕದ ಸಂವಿಧಾನ

ನಾನು ಅಮೆರಿಕದಲ್ಲಿ ದುಭಾಷಿ. ಕೋರ್ಟು, ಆಸ್ಪತ್ರೆ, ಸರ್ಕಾರಿ ಆಫೀಸು, ಎಲ್ಲಿ ಕನ್ನಡ ಬಿಟ್ಟು ಬೇರೆ ಬಾರದವರು ಸಿಕ್ಕಿಹಾಕಿಕೊಂಡರೂ ನನಗೆ ಕರೆ ಬರುತ್ತೆ. ಎರಡು ಭಾಷೆಯ ಮಧ್ಯೆ ಕುರ್ಚಿ ಹಾಕಿಕೊಂಡು ಕೂತವರಿಗೆ ಏನಾದರೊಂದು ಎಡವಟ್ಟು ಆಗ್ತಾನೇ ಇರುತ್ತೆ. ಯಾವ ದಿನ ಏನೂ ಆಗಲಿಲ್ಲವೋ ಆ ದಿನ ನನಗೆ ರಜೆ ಅಂತಲೇ ಲೆಕ್ಕ.

ಈ ಕೆಲಸದ ನಿಯಮ ಒಂದೇ: ಅವರು ಹೇಳಿದ್ದನ್ನೆಲ್ಲ ಹೇಳು, ನಿನ್ನದು ಅಂತ ಒಂದಕ್ಷರ ಸೇರಿಸಬೇಡ. ಅವರು "ನಾನು" ಅಂದರೆ ನಾನೂ "ನಾನು" ಅನ್ನಬೇಕು. ಸಂಜೆ ಟ್ರೇನಿನ ಕಿಟಕಿಗೆ ತಲೆ ಆನಿಸಿ, ಮೌಂಟನ್ ವ್ಯೂ ಬರುವಷ್ಟರಲ್ಲಿ ಅರೆನಿದ್ದೆ ಹತ್ತಿದರೆ, ಇವತ್ತು ಸೊಂಟ ನೋಯ್ತಾ ಇದ್ದಿದ್ದು ನನಗಾ ಅಥವಾ ಆಸ್ಪತ್ರೆಯಲ್ಲಿ ನಾನು ಮಾತು ದಾಟಿಸಿದ ಹಾಸನದ ಮಾವನಿಗಾ ಅನ್ನೋದೇ ಗೊತ್ತಾಗೋದಿಲ್ಲ. ಹೊರಗೆ ಮಂಜು, ಒಳಗೆ ಮಂಪರು. ನಿಜ ಹೇಳ್ತೀನಿ, ಇದೊಂಥರಾ ಸುಖ.

ಈಗ ಹೇಳಹೊರಟಿದ್ದು ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆ ದೊಡ್ಡಮ್ಮನ ವಿಷಯ. ಮಂಡ್ಯ ಕಡೆಯವರು, ಮಗಳು ಅಳಿಯನ ಜೊತೆ ಇಲ್ಲಿ ಹದಿನಾರು ವರ್ಷ ಕಳೆದಿದ್ದಾರೆ. ಎದುರಿನ ಪಾರ್ಕಿನಲ್ಲಿ ಒಂದು ಓಕ್ ಮರ, ಅದರ ಕೆಳಗೊಂದು ಬೆಂಚು, ಅದು ಅವರದ್ದೇ. ಮರ ಕಡಿದು ಪಾರ್ಕಿಂಗು ಮಾಡೋದಾ ಬೇಡವಾ ಅಂತ ಬರುವ ಚುನಾವಣೆಯಲ್ಲಿ ಜನರನ್ನೇ ಕೇಳ್ತಾರೆ ಅಂತ ಸುದ್ದಿ ಬಂತು. ದೊಡ್ಡಮ್ಮ ಊಟದ ಹೊತ್ತಿಗೆ "ಬ್ಯಾಡ" ಅಂದರು. ಅಳಿಯ ಮೆನ್ಲೋ ಪಾರ್ಕಿನಲ್ಲಿ ಇಂಜಿನಿಯರು, ಎರಡು ಕಾರಿನ ಒಡೆಯ. ನಕ್ಕೊಂಡು, "ನಿಮಗೆ ವೋಟಿಲ್ವಲ್ಲ ಅತ್ತೆ, ಬಿಡಿ" ಅಂದರು.

ದೊಡ್ಡಮ್ಮ ಅವತ್ತು ಮೊಸರನ್ನ ಬಿಟ್ಟು ಎದ್ದರು. ಮಾರನೇ ದಿನ ಪೌರತ್ವಕ್ಕೆ ಅರ್ಜಿ.

೧. ಹೂಂ

ವಯಸ್ಸಾಗಿ, ಇಲ್ಲಿ ಬಹಳ ವರ್ಷ ಇದ್ದವರು ತಮ್ಮ ಭಾಷೆಯಲ್ಲೇ ಉತ್ತರ ಹೇಳಬಹುದು. ಹಾಗಾಗಿ ಸಂದರ್ಶನಕ್ಕೆ ನಾನೂ ಹೋದೆ. ಆಫೀಸರು ಸೌಮ್ಯ ಮನುಷ್ಯರು. ಅರ್ಜಿ ನೋಡುತ್ತಾ ಕೇಳಿದರು: "ನೀವು ಯಾವತ್ತಾದರೂ ಭಯೋತ್ಪಾದಕರ ಗುಂಪಿಗೆ ಸೇರಿದ್ದಿರಾ?"

ನಾನು ಕನ್ನಡದಲ್ಲಿ ಹೇಳಿದೆ. ದೊಡ್ಡಮ್ಮ ಆರಾಮಾಗಿ, "ಹೂಂ" ಅಂದರು.

ಆಫೀಸರು ತಲೆ ಎತ್ತಿದರು. "ಹೂಂ ಅಂದರೆ ಎಸ್ಸಾ?"

ಅಯ್ಯೋ ದೇವರೇ! ನಿಘಂಟಿನ ಪ್ರಕಾರ ಎಸ್ಸೇ. ಅದು "ಕೇಳಿಸಿಕೊಂಡೆ, ಮುಂದಕ್ಕೆ ಹೇಳಪ್ಪ" ಅನ್ನೋ ಹೂಂ ಅಂತ ವಿವರಿಸೋದಕ್ಕೆ ನನಗೆ ಅಧಿಕಾರವಿಲ್ಲ. "ಎಸ್" ಅಂದೆ.

"ಸರ್ಕಾರ ಬೀಳಿಸೋಕೆ ಸಂಚು ಮಾಡಿದ್ದಿರಾ?" "ಹೂಂ."

"ಸದಾ ಕುಡಿದಿರುತ್ತಿದ್ದಿರಾ?" "ಹೂಂ ಹೂಂ."

ಆಫೀಸರು ಪೆನ್ನು ಕೆಳಗಿಟ್ಟರು. ಪ್ರಶ್ನೆ ಅರ್ಥ ಮಾಡಿಕೊಂಡು ಇನ್ನೊಂದು ಸಲ ಬನ್ನಿ, ಅದೇ ಕೊನೆಯ ಅವಕಾಶ ಅಂದರು. ನನಗೆ ಅಳು ಬರೋದೊಂದು ಬಾಕಿ. ದೊಡ್ಡಮ್ಮ ಮಾತ್ರ ಲಿಫ್ಟಿನಲ್ಲಿ ಹೇಳಿದರು: "ಒಳ್ಳೆ ಮನ್ಸ ಕಣವ್ವ. ಎಷ್ಟೊಂದು ಕತೆ ಹೇಳ್ದ!"

೨. ಒಬ್ಬಟ್ಟಿನ ವಿಚಾರಣೆ

ಅಲ್ಲಿಂದ ಸಂವಿಧಾನದ ಪಾಠ ಶುರುವಾಯಿತು. ಮೊಮ್ಮಗಳು ಹೈಸ್ಕೂಲಿನಲ್ಲಿ ಅದನ್ನೇ ಓದುತ್ತಿದ್ದಳು. ಅವಳು ಇಂಗ್ಲಿಷಿನಲ್ಲಿ ಹೇಳೋದು, ನಾನು ಕನ್ನಡ ಮಾಡೋದು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಾಗಿಲ್ಲ ಅನ್ನೋ ಹಕ್ಕು ಐದನೇ ತಿದ್ದುಪಡಿಯಲ್ಲಿ ಇದೆ ಅಂತ ತಿಳಿದ ದಿನ ದೊಡ್ಡಮ್ಮನ ಮುಖ ಅರಳಿತು. ಅವರಿಗೆ ಶುಗರು.

ಮಾರನೇ ದಿನ ಮಗಳು ಡಬ್ಬಿ ತೆಗೆದು ನೋಡಿದರೆ ಆರು ಒಬ್ಬಟ್ಟಿನಲ್ಲಿ ಎರಡು ಮಾತ್ರ ಇವೆ. "ಅಮ್ಮಾ, ಎಷ್ಟು ತಿಂದೆ?"

"ನಾನು ಬಾಯಿ ಬಿಡಾಂಗಿಲ್ಲ. ಐದ್ನೇ ತಿದ್ದುಪಡಿ."

"ಮನೇಲಿ ಎಂಥಾ ತಿದ್ದುಪಡಿನಮ್ಮಾ?"

"ಯಾಕೆ? ಕಾನೂನು ಮಾಡೋಳು ನೀನು. ಜಾರಿಗೆ ತರೋರು ಅಳಿಯಂದ್ರು. ತೀರ್ಪು ಹೇಳಕ್ಕೆ ಬ್ಯಾರೆಯವರು ಇರಬೇಕಲ್ಲ? ಮೊಮ್ಮಗಳನ್ನ ಕರಿ."

ಮೊಮ್ಮಗಳು ಬಂದಳು. ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎರಡೂ ಕಡೆ ವಾದ ಗಂಭೀರವಾಗಿ ಕೇಳಿ, ಕೊನೆಗೆ "ನಾಟ್ ಗಿಲ್ಟಿ" ಅಂದಳು. ಮಾತು ಸರಿಯಾಗಿ ಹೊರಡಲಿಲ್ಲ. ನ್ಯಾಯಾಧೀಶರ ಬಾಯಲ್ಲೂ ಒಬ್ಬಟ್ಟಿತ್ತು.

೩. ವಾರೆಂಟು ಮತ್ತು ಮಜ್ಜಿಗೆ

ಒಂದು ಮಧ್ಯಾಹ್ನ ನಾನು ಹೇವರ್ಡಿನಲ್ಲಿ ಕೆಲಸ ಮುಗಿಸಿ, ಕಾರಿನಲ್ಲೇ ಸೀಟು ಹಿಂದಕ್ಕೆ ಮಲಗಿಸಿ ಕಣ್ಣು ಮುಚ್ಚಿದ್ದೆ. ಫೋನು. ದೊಡ್ಡಮ್ಮ ಪಿಸುಗುಟ್ಟಿದರು: "ಪೊಲೀಸಮ್ಮ ಬಂದವ್ಳೆ. ವಾರೆಂಟು ಐತಾ ಕೇಳು."

ಫೋನಿನ ಸ್ಪೀಕರಿನಲ್ಲಿ ಕೇಳಿದೆ. ಬಾಗಿಲಾಚೆಯಿಂದ ಪೊಲೀಸಮ್ಮ, ಅಂಥದ್ದೇನಿಲ್ಲ, ಕೆಳಗೆ ನಿಲ್ಲಿಸಿದ್ದ ಸೈಕಲ್ಲು ಕಳುವಾಗಿದೆ, ಯಾರನ್ನಾದರೂ ನೋಡಿದಿರಾ ಅಷ್ಟೇ ಅಂದಳು.

"ನೋಡಿಲ್ಲ ಅನ್ನು. ವಾರೆಂಟಿಲ್ದೆ ಒಳಗೆ ಬಿಡಾಂಗಿಲ್ಲ ಅಂತಾನೂ ಹೇಳು."

ಹೇಳಿದೆ. ಆಕೆ ಖಂಡಿತ, ಅದು ನಿಮ್ಮ ಹಕ್ಕು ಅಂದಳು.

ಆಮೇಲೆ ದೊಡ್ಡಮ್ಮ: "ಪಾಪ, ಬಿಸಿಲಲ್ಲಿ ನಿಂತವ್ಳೆ. ಮಜ್ಜಿಗೆ ಕುಡೀತಾಳಾ ಕೇಳು."

ಬಾಗಿಲಿನ ಸರಪಳಿ ಸಂದಿಯಲ್ಲಿ ಲೋಟ ತೂರಲಿಲ್ಲ. ಬಾಗಿಲು ತೆಗೆದರೆ ಒಳಗೆ ಇಣುಕಿಬಿಟ್ಟಾಳು. ದೊಡ್ಡಮ್ಮ ಸರಪಳಿ ತೆಗೆದು, ಲೋಟ ಹಿಡಿದು ತಾವೇ ಹೊರಗೆ ಬಂದು, ಸಂವಿಧಾನ ಕಾಪಾಡಲು ಬಾಗಿಲನ್ನು ಗಟ್ಟಿಯಾಗಿ ಎಳೆದುಕೊಂಡರು. ಟಕ್ ಅಂತ ಬೀಗ ಬಿತ್ತು. ಕೀ ಒಳಗೆ.

ಮಗಳು ಬರುವವರೆಗೆ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದರಂತೆ. ಪೊಲೀಸಮ್ಮ ಇನ್ನೊಂದು ಲೋಟ ಕುಡಿಯಬಹುದಿತ್ತು, ಆದರೆ ಉಳಿದ ಮಜ್ಜಿಗೆಯೂ ವಾರೆಂಟಿಲ್ಲದೆ ಒಳಗೇ ಉಳಿದಿತ್ತು.

೪. ಮೂರು ಪದ

ಹೂಂ ಬಿಡಿಸೋದೇ ದೊಡ್ಡ ಪಾಡಾಯಿತು. "ಇಲ್ಲ ಅನ್ನಿ ದೊಡ್ಡಮ್ಮ, ಇಲ್ಲ ಹೌದು ಎರಡೇ" ಅಂತ ದಿನಾ ಹೇಳಿಕೊಟ್ಟೆ.

"ಎದುರಿಗಿರೋರು ಮಾತಾಡ್ತಿದ್ರೆ ಹೂಂ ಅನ್ದೆ ಕೂರಕ್ಕೆ ನಾನೇನು ಕಲ್ಲಾ?" ಅಂತ ನನ್ನನ್ನೇ ಗದರಿದರು.

ಪಾಠ ಓಕ್ ಮರದ ಬೆಂಚಿನಲ್ಲಿ. ಕೊಲ್ಲಿಯ ಕಡೆಯಿಂದ ತಣ್ಣಗೆ ಗಾಳಿ, ಎಲೆಗಳ ನೆರಳು ಅವರ ಸೆರಗಿನ ಮೇಲೆ ಆಡುತ್ತಿತ್ತು. ಸಂವಿಧಾನ ಶುರುವಾಗೋ ಮೂರು ಪದ ಯಾವುವು ಅಂತ ಕೇಳ್ತಾರೆ ಅಂದೆ. ಇಂಗ್ಲಿಷಿನಲ್ಲಿ ಮೂರು, ಕನ್ನಡಕ್ಕೆ ತಂದರೆ "ನಾವು ಜನ" ಅಂತ ಎರಡೇ ಆಗುತ್ತೆ. ದೊಡ್ಡಮ್ಮನಿಗೆ ಕಸಿವಿಸಿ. "ಇನ್ನೊಂದು ಎಲ್ಲೋಯ್ತು? ನೀನೇ ದಾರೀಲಿ ಬೀಳಿಸ್ಕೊಂಡು ಬಂದಿರಬೇಕು."

ನನಗೆ ಕಣ್ಣೆಳೆಯಿತು. ಕನಸಿನಲ್ಲಿ ನೀರಿನ ಮೇಲೊಂದು ಕೋರ್ಟು. ನ್ಯಾಯಾಧೀಶರು ನನ್ನನ್ನೇ ಕೇಳುತ್ತಿದ್ದಾರೆ: "ನೀನು ಏನು ಹೇಳ್ತೀಯ?" ಎಲ್ಲರ ಮಾತೂ ಬಾಯಲ್ಲಿದೆ, ನನ್ನದೊಂದೇ ಇಲ್ಲ. ಹೆದರಿಕೆಯೇ ಆಯಿತು ಅನ್ನಿ.

ಮೊಣಕೈ ತಿವಿದು ಎಬ್ಬಿಸಿದರು. "ಸಿಕ್ತು ಕಣವ್ವ ಮೂರನೇದು! ನಾವು ಜನ ಕಣಪ್ಪ."

೫. ಕೊನೆಯ ಅವಕಾಶ

ಅದೇ ಆಫೀಸು, ಅದೇ ಆಫೀಸರು. ಮೂರು ಪದ ಕೇಳಿದರು. "ನಾವು ಜನ ಕಣಪ್ಪ!" ನಾನು "ವಿ ದ ಪೀಪಲ್" ಅಂದೆ. ಆ "ದ"ಗೆ ಕನ್ನಡದಲ್ಲಿ ಕಣಪ್ಪ ಅಂತಾರೆ ಅಂತ ನನಗೂ ಅವತ್ತೇ ಗೊತ್ತಾಗಿದ್ದು.

ಉಳಿದ ಪ್ರಶ್ನೆಗೆಲ್ಲ ತುಟಿ ಬಿಗಿಹಿಡಿದು "ಇಲ್ಲ", "ಇಲ್ಲ". ಗೆದ್ದೆವು ಅಂದುಕೊಳ್ಳುವಷ್ಟರಲ್ಲಿ ಆಫೀಸರು ಹಳೇ ಫೈಲು ತಿರುವಿದರು. "ಹೋದ ಸಲ ಇದಕ್ಕೆಲ್ಲ ಎಸ್ ಅಂದಿದ್ದೀರಿ. ಯಾಕೆ?"

ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಶುರು ಮಾಡಿದರು. ನಾನು ಒಂದೊಂದೇ ಮಾತು ಇಂಗ್ಲಿಷಿಗೆ ಇಳಿಸುತ್ತಾ ಹೋದೆ.

"ಚಿಕ್ಕವಯಸ್ಸಲ್ಲಿ ನಮ್ಮವ್ವ ಕತೆ ಹೇಳೋಳು ಸ್ವಾಮಿ."

ಆಫೀಸರು ಟೈಪು ಮಾಡುತ್ತಾ, "ಮ್ಮ್‌ಹೂಂ" ಅಂದರು.

ದೊಡ್ಡಮ್ಮನ ಕಿವಿ ನೆಟ್ಟಗಾಯಿತು. "ನಾವು ಹೂಂ ಅನ್ನದಿದ್ರೆ, ಮಲಗವೆ ಅಂದ್ಕೊಂಡು ಕತೆ ನಿಲ್ಸಬುಡೋಳು."

"ಮ್ಮ್‌ಹೂಂ."

"ನೀವು ಯಾವತ್ತಾದ್ರೂ ಈ ಸರ್ಕಾರನ ಬೀಳ್ಸಕ್ಕೆ ಸಂಚು ಮಾಡಿದ್ರಾ?"

ದೊಡ್ಡಮ್ಮ ಕೇಳಿದ್ದು ಆಫೀಸರನ್ನೇ. ಆದರೆ ನಿಯಮ ನಿಯಮವೇ. ಹೇಳಿದೆ.

"ಮ್ಮ್‌ಹೂಂ," ಅಂದರು ಆಫೀಸರು. ಬೆರಳು ಕೀಬೋರ್ಡಿನ ಮೇಲೆ ನಿಂತವು.

ದೊಡ್ಡಮ್ಮ ನನ್ನ ಕಡೆ ತಿರುಗಿ, "ಬರ್ಕೊಳವ್ವ, ಒಪ್ಕೊಂಡ್ರು!" ಅಂದರು. ಅದನ್ನೂ ಹೇಳಬೇಕಾಯಿತು.

ಆಫೀಸರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ದೊಡ್ಡಮ್ಮ ಪಾಸು. ನಾನು ಕಾರಿಡಾರಿನಲ್ಲಿ ನಿಂತು ಅತ್ತೇಬಿಟ್ಟೆ. ಅದು ಮಾತ್ರ ನನ್ನದೇ, ಯಾರ ಅನುವಾದವೂ ಅಲ್ಲ.

೬. ಲಕೋಟೆ

ಚುನಾವಣೆಗೆ ಮುಂಚೆ ಮತಪತ್ರ ಅಂಚೆಯಲ್ಲಿ ಬಂತು. ಓದಿ ಹೇಳಲು ನನ್ನನ್ನು ಕರೆದರು. ಅಳಿಯ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು, ಪಾರ್ಕಿಂಗ್ ಆದರೆ ಏನೇನು ಅನುಕೂಲ ಅಂತ ಅರ್ಧ ಗಂಟೆ ವಿವರಿಸಿದರು. ಬಂದವರಿಗೆ ಜಾಗ, ಡೇಕೇರಿಗೆ ಮಕ್ಕಳನ್ನ ಬಿಡೋರಿಗೆ ಜಾಗ, ನಿಮ್ಮನ್ನು ಡಾಕ್ಟರ ಹತ್ತಿರ ಕರೆದೊಯ್ಯಲೂ ಸುಲಭ ಅತ್ತೆ.

ದೊಡ್ಡಮ್ಮ ಕಿಟಕಿಯಾಚೆಯ ಓಕ್ ಮರ ನೋಡುತ್ತಾ, "ಹೂಂ... ಹೂಂ... ಹೂಂ."

ಅಳಿಯ ಖುಷಿಯಾಗಿ ಕಾಫಿ ಮಾಡಲು ಎದ್ದರು. ಬರುವಷ್ಟರಲ್ಲಿ ದೊಡ್ಡಮ್ಮ ಗುರುತು ಹಾಕಿ, ಲಕೋಟೆ ಅಂಟಿಸಿ, ಸಹಿ ಮಾಡಿ, ಒಳಗಿದ್ದ "ನಾನು ವೋಟು ಹಾಕಿದೆ" ಅನ್ನೋ ಸ್ಟಿಕ್ಕರನ್ನು ಸೆರಗಿಗೆ ಹಚ್ಚಿಕೊಂಡು ಕೂತಿದ್ದರು.

"ಪಾರ್ಕಿಂಗಿಗೇ ತಾನೆ ಅತ್ತೆ? ಅಷ್ಟು ಹೊತ್ತು ಹೂಂ ಹೂಂ ಅಂದ್ರಲ್ಲ!"

ದೊಡ್ಡಮ್ಮ ಕಾಫಿ ಲೋಟ ತೆಗೆದುಕೊಂಡರು.

"ಕತೆ ಚೆನ್ನಾಗಿ ಹೇಳ್ತಿದ್ರಿ ಅಳಿಯಂದ್ರೆ. ನಿಲ್ಸಬುಟ್ಟೀರಿ ಅಂತ ಹೂಂ ಅಂದೆ."