ವಿಠಲನಿಗೆ ನಾನು ಜಿಂಕೆ ತೋರಿಸಿದ್ದು

ಜಿಂಕೆ ಹುಡುಕುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ನಮ್ಮೂರು ಪಡೀಲಿನಲ್ಲಿ ಇಲ್ಲವೆಂದು ನನ್ನ ಹೆಂಡತಿಯ ತವರಿನಲ್ಲಿ ಎಲ್ಲರಿಗೂ ಗೊತ್ತು. ಗೊತ್ತು ಮಾಡಿದವನು ನಾನೇ. ಹೆಣ್ಣು ನೋಡಲು ಹೋದ ದಿನ ಮಾವ, "ನಿಮಗೆ ಹವ್ಯಾಸ ಎಂತ ಉಂಟು?" ಎಂದು ಕೇಳಿದ್ದರು. ಕಂಕನಾಡಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನಿಗೆ ಹವ್ಯಾಸ ಎಲ್ಲಿಂದ ಬರಬೇಕು? ಗಾಬರಿಯಲ್ಲಿ "ಶಿಕಾರಿ" ಎಂದುಬಿಟ್ಟೆ. ಸಾಲದ್ದಕ್ಕೆ, ಸಣ್ಣವನಿದ್ದಾಗ ಅಜ್ಜನ ಜೊತೆ ಕಾಡು ಸುತ್ತುತ್ತಿದ್ದೆ, ಹೆಜ್ಜೆ ನೋಡಿಯೇ ಜಿಂಕೆ ಗಂಡೋ ಹೆಣ್ಣೋ ಹೇಳುತ್ತೇನೆ ಎಂದೂ ಸೇರಿಸಿದೆ. ನನ್ನ ಅಜ್ಜ ಪಣಂಬೂರಿನ ಬಂದರಿನಲ್ಲಿ ಗುಮಾಸ್ತರಾಗಿದ್ದರು. ಅಲ್ಲಿ ಜಿಂಕೆ ಇಳಿದ ದಾಖಲೆ ಇಲ್ಲ!

ಆ ಸುಳ್ಳಿಗೆ ಇಪ್ಪತ್ತೆರಡು ವರ್ಷ ತುಂಬಿದ ಮಳೆಗಾಲದಲ್ಲಿ ಹೆಂಡತಿಯ ತಮ್ಮ ವಿಠಲ ಗಲ್ಫಿನಿಂದ ಮೂರು ವಾರದ ರಜೆಯಲ್ಲಿ ಬಂದ. ಕೊರಳಲ್ಲಿ ಮೊಳದುದ್ದದ ಲೆನ್ಸಿನ ಕ್ಯಾಮೆರಾ.

"ಬಾವ, ಕೋವಿ ಗೀವಿ ಬೇಡ, ಜೈಲಿಗೆ ಹೋಗ್ಲಿಕ್ಕುಂಟು. ನೀವು ಜಿಂಕೆ ಹುಡುಕಿ ಕೊಡಿ, ನಾನು ಫೋಟೋ ತೆಗೀತೇನೆ. ಹದಿನಾಲ್ಕು ವರ್ಷದಿಂದ ಮರಳೇ ನೋಡುದು ನಾನು. ಒಂದು ಜಿಂಕೆ ಕಾಡಿನಲ್ಲಿ ನಿಂತದ್ದನ್ನು ಕಣ್ಣಾರೆ ನೋಡ್ಬೇಕು."

"ಅದೆಂತ ದೊಡ್ಡ ಸಂಗತಿ ಮಾರಾಯ! ಒಂದು ಭಾನುವಾರ ಸಾಕು."

ಹೆಂಡತಿ ವಸಂತಿ ಅಡಿಗೆಮನೆಯಿಂದ ಇಣುಕಿದಳು. "ಈ ಮಳೆಯಲ್ಲಾ? ಹೊರಗೆ ಎಂತ ಆಗ್ತಾ ಉಂಟು ಅಂತ ಕಾಣ್ತದಾ ನಿಮಗೆ?"

"ಮಳೆಗಾಲದಲ್ಲೇ ಹೆಜ್ಜೆ ಚೆಂದ ಮೂಡುವುದು," ಎಂದು ಶಾಸ್ತ್ರ ಹೇಳಿದೆ. ಅವಳು ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು.

ಘಟ್ಟದ ಬುಡದಲ್ಲಿ ನನ್ನ ಗಿರಾಕಿಯೊಬ್ಬರ ರಬ್ಬರ್ ತೋಟವಿದೆ. ಅದರ ಅಂಚಿಗೆ ಬೆಳಿಗ್ಗೆ ಜಿಂಕೆಗಳು ಬರುತ್ತವೆಂದು ಅವರು ಹೇಳಿದ್ದರು. ಮೊದಲ ಭಾನುವಾರ ಹೊರಟೆವು. ಬಂಟ್ವಾಳ ದಾಟುತ್ತಲೇ ರಸ್ತೆಗೆ ಅಡ್ಡಲಾಗಿ ಮರ ಬಿದ್ದಿತ್ತು. ಮೂರು ಗಂಟೆ ಕಾರಿನಲ್ಲೇ ಕೂತು, ಕಟ್ಟಿಕೊಂಡು ಹೋದ ಬನ್ಸ್ ಅಷ್ಟನ್ನೂ ತಿಂದು ಹಿಂದಿರುಗಿದೆವು.

ಎರಡನೆಯ ಭಾನುವಾರ ತೋಟ ತಲುಪಿದೆವು. ಮಳೆಯೂ ತಲುಪಿತು! ರಕ್ತ ಹೀರುವ ಇಂಬಳಗಳು ಕಾಲಿಗೆ ಹತ್ತಿ, ಕಾಲಿನಿಂದ ಮೇಲಕ್ಕೆ ಹೇಳಬಾರದ ಕಡೆಗೆಲ್ಲ ಹೋದವು. ಅಷ್ಟರಲ್ಲಿ ಕೆಸರಿನಲ್ಲಿ ಗೊರಸಿನ ಗುರುತು ಕಂಡಿತು. ನಾನು ಬಗ್ಗಿ, ಬೆರಳಿನಿಂದ ಅಳೆದು, "ಹೆಣ್ಣು. ಗರ್ಭಿಣಿ," ಎಂದು ಪಿಸುಗುಟ್ಟಿದೆ. ವಿಠಲ ಉಸಿರು ಬಿಗಿಹಿಡಿದು ಹಿಂದೆ ಬಂದ. ಒಂದು ಗಂಟೆ ನಡೆದ ಮೇಲೆ ಹೆಜ್ಜೆ ನೆಟ್ಟಗೆ ಒಂದು ದನದ ಹಟ್ಟಿಯೊಳಗೆ ಹೋಯಿತು.

ಹುಲ್ಲು ಹಾಕುತ್ತಿದ್ದ ಹೆಂಗಸು ತಲೆಯೆತ್ತಿದಳು. "ಎಂತ ಬೇಕಿತ್ತು?"

"ಇದು ಗರ್ಭಿಣಿಯಾ ಅಕ್ಕ?" ವಿಠಲ ಕೇಳಿದ.

"ಹೋರಿ ಅದು!"

ಮಳೆಗೆ ಹೆಜ್ಜೆಗಳು ಒಂದಕ್ಕೊಂದು ಬೆರೆತು ಹೋಗಿವೆಯೆಂದು ನಾನು ವಿವರಿಸಿದೆ. ವಿಠಲ ಗಂಭೀರವಾಗಿ ತಲೆಯಾಡಿಸಿದ. ಅವನು ನಂಬುತ್ತಿದ್ದ ರೀತಿ ನೋಡಿ ನನಗೇ ಭಯವಾಯಿತು.

ಮತ್ತೆ ಒಂದು ವಾರ ಮಳೆ ಬಿಡಲಿಲ್ಲ. ರಸ್ತೆಗೆ ಗುಡ್ಡ ಜರಿಯಿತು. ವಿಠಲ ದಿನವೂ ಕಿಟಕಿಯ ಬಳಿ ಕೂತು ಲೆನ್ಸ್ ಒರೆಸಿದ. ಕೊನೆಗೆ ಉಳಿದದ್ದು ಹೊರಡುವ ದಿನವೊಂದೇ. ವಿಮಾನ ಸಂಜೆಗೆ. ಅಷ್ಟರಲ್ಲಿ ರಸ್ತೆಯ ಮಣ್ಣು ತೆಗೆದಿದ್ದರು. ಬೆಳಗಾಗುತ್ತಲೇ ಹೋಗಿ ತೋಟದ ಅಂಚಿನಲ್ಲಿ ನೀರು ಹರಿಯುವ ತೋಡಿನ ಬದಿಯಲ್ಲಿ ಕೂತೆವು. ಮಳೆ ನಿಂತಿತು. ನನ್ನ ಕನ್ನಡಕದ ತುಂಬ ಹಬೆ.

ಎದುರಿನ ಪೊದೆ ಅಲ್ಲಾಡಿತು. ಕಂದು ಮೈ, ಚುಕ್ಕೆಗಳು. ಹತ್ತು ಹೆಜ್ಜೆ ದೂರ!

"ಚಿರತೆ!" ಎಂದು ಕಿರುಚಿ, ವಿಠಲನನ್ನು ಕತ್ತು ಹಿಡಿದು ನೆಲಕ್ಕೆ ಕೆಡವಿ, ಅವನ ಮೇಲೆ ನಾನು ಬಿದ್ದೆ. ಕ್ಯಾಮೆರಾ ತೋಡಿಗೆ ಬಿತ್ತು. ನನ್ನ ಕನ್ನಡಕ ಮೂಗಿನ ತುದಿಗೆ ಜಾರಿತು. ಅದರ ಮೇಲಿನಿಂದ ಸ್ಪಷ್ಟವಾಗಿ ಕಂಡಿತು. ಎಂಥ ಜಿಂಕೆ! ಕಿವಿ ನಿಗುರಿಸಿ ನನ್ನನ್ನೇ ನೋಡಿ, ಒಂದೇ ನೆಗೆತಕ್ಕೆ ಕಾಡಿನೊಳಗೆ ಹೋಯಿತು. ವಿಠಲನ ಮುಖ ಕೆಸರಿನಲ್ಲಿತ್ತು.

"ಚಿರತೆ ಹೋಯ್ತಾ ಬಾವ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಬಾಯಿ ಕೈಕೊಟ್ಟಿತು. "ಅದು ಜಿಂಕೆ ಮಾರಾಯ."

ಅವನು ಎದ್ದು ಕೂತು ಮುಖದ ಕೆಸರು ಒರೆಸಿಕೊಂಡ. "ನಿಮಗೆ ಜಿಂಕೆ ಗೊತ್ತಾಗಲಿಲ್ಲವಾ?"

"ನಾನು ಕಾಡಿನ ಜಿಂಕೆ ನೋಡಿದ್ದು ಇದೇ ಮೊದಲು."

ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ತೋಡಿಗೆ ಇಳಿದು ಕ್ಯಾಮೆರಾ ಎತ್ತಿ, ಬಗ್ಗಿಸಿ ನೀರು ಚೆಲ್ಲಿದ. ಸಂಜೆ ವಿಮಾನ ನಿಲ್ದಾಣದಲ್ಲಿ, "ಅಕ್ಕನನ್ನು ನೋಡ್ಕೊಳ್ಳಿ," ಎಂದವನು ತಿರುಗಿ ನೋಡದೆ ಒಳಗೆ ಹೋದ.

ಮನೆಗೆ ಬಂದು ವಸಂತಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಗಂಜಿ ಬಸಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಗೊತ್ತುಂಟು. ಹೆಣ್ಣು ನೋಡ್ಲಿಕ್ಕೆ ಬಂದ ದಿನವೇ ಅಪ್ಪನಿಗೆ ಗೊತ್ತಾಗಿತ್ತು. ನಮ್ಮ ನಾಯಿಮರಿಗೆ ಹೆದರಿ ನೀವು ಕುರ್ಚಿ ಹತ್ತಿದಿರಲ್ಲ!"

"ಮತ್ತೆ ಇಷ್ಟು ವರ್ಷ ಯಾರೂ ಎಂತಕ್ಕೆ ಹೇಳಲಿಲ್ಲ?"

"ಪಾಪ ಅಂತ. ವಿಠಲ ಆಗ ಸಣ್ಣವ. ಅವನೊಬ್ಬ ನಂಬಿದ್ದ."

ಲೋಕದಲ್ಲಿ ನನ್ನ ಮಾತು ನಂಬುವವನು ಒಬ್ಬನೇ ಒಬ್ಬನಿದ್ದ. ಅವನನ್ನು ಆಗಷ್ಟೇ ವಿಮಾನ ಹತ್ತಿಸಿ ಬಂದಿದ್ದೆ!